ಲಂಗದ ಮಡಿಕೆ

ಮಡಿಕೆ ಬಿಚ್ಚಿ ತೊಡಿಸಿದ ಯೂನಿಫಾರ್ಮ್ ಲಂಗ ಸುಚಿತಾಳ ಮೊಣಕಾಲು ದಾಟಿ ಜೋತುಬಿದ್ದಾಗಲೇ ಜಯಂತಿಗೆ ತನ್ನ ತಪ್ಪು ತಿಳಿದದ್ದು. ಶಾಲೆ ಶುರುವಾಗುವ ಮೊದಲು ಮಗಳ ಲಂಗದ ಮಡಿಕೆ ಬಿಚ್ಚಿ ಉದ್ದ ಮಾಡುವುದು ಅವಳ ರೂಢಿ. ಈ ಸಲವೂ ಮುರ್ಡೇಶ್ವರದಲ್ಲಿ ಮೀನು ಮಾರಿ ಬಂದವಳೇ, ಅಳತೆ ನೋಡದೆ ಬ್ಲೇಡು ಹಿಡಿದು ಕೂತಿದ್ದಳು.

"ನಾ ಉದ್ದ ಆಗ್ಲೇ ಇಲ್ಲ, ಅಲ್ದಾ ಅಮ್ಮ?"

ಮಗಳ ರಕ್ತದ ಕ್ಯಾನ್ಸರಿಗೆ ಮಾತ್ರೆ ಬರೆಯುವಾಗಲೇ ಡಾಕ್ಟರು ಹೇಳಿದ್ದರು. ಜೀವಕೋಶಕ್ಕೆ 'ಒಡೆದು ಎರಡಾಗು, ಬೆಳೆ' ಎನ್ನುವ ಕೈನೇಸ್ ಎಂಬ ಪ್ರೋಟೀನು ಒಂದು ಸ್ವಿಚ್ಚಿನ ಹಾಗೆ. ಸುಚಿತಾಳ ರಕ್ತದಲ್ಲಿ ಅದು ಆರುವುದೇ ಇಲ್ಲ; ಅದಕ್ಕೇ ಈ ಕ್ಯಾನ್ಸರ್. ಮಾತ್ರೆ ಅದನ್ನು ಆರಿಸಿಡುತ್ತದೆ. ಆದರೆ ಮೂಳೆ ಬೆಳೆಸುವ ಅದರ ದಾಯಾದಿಗಳನ್ನೂ ಅಷ್ಟಿಷ್ಟು ಆರಿಸಿಬಿಡಬಹುದು.

ಜಯಂತಿ ಮಗಳ ಕಾಲ ಬಳಿ ಕೂತು, ಹಳೆಯ ಗೆರೆಯ ಮೇಲೇ ಬಟ್ಟೆಯನ್ನು ಮತ್ತೆ ಮಡಚಿ ಹೊಲಿಯತೊಡಗಿದಳು. ಎರಡೆಳೆ ದಾರ, ಒತ್ತೊತ್ತಾದ ಹೊಲಿಗೆ.

ಸುಚಿತಾ ಬಗ್ಗಿ ನೋಡಿದಳು.

"ಇಷ್ಟು ಗಟ್ಟಿ ಹಾಕಬೇಡ ಅಮ್ಮ. ಮುಂದಿನ ವರ್ಷ ಬಿಚ್ಚೂಕೆ ಕಷ್ಟ ಆತದೆ."