ವಾಸಿಯಾದ ಬಳ್ಳಿ

"ನನ್ನ ಬಳ್ಳಿ ಎಲ್ಲೇ?"

ಮಗಳ ಹೆರಿಗೆಗೆಂದು ಹೋಗಿ ಎರಡು ತಿಂಗಳ ಮೇಲೆ ಮರಳಿದ ಅತ್ತೆ, ಕೈಚೀಲ ಕೆಳಗಿಡುವ ಮೊದಲೇ ಬಾಲ್ಕನಿಯತ್ತ ನೋಡಿದರು. ಕಂಬಿಗೆ ತೂಗುಬಿಟ್ಟಿದ್ದ ಐವಿ ಬಳ್ಳಿಯ ಕುಂಡ ಅಲ್ಲಿರಲಿಲ್ಲ.

ಸೊಸೆ ನಗುತ್ತಾ ಅವರನ್ನು ಅಡುಗೆಮನೆಗೆ ಕರೆದೊಯ್ದಳು. ಒಲೆಯಿಂದ ಮಾರು ದೂರದಲ್ಲಿ, ಮಾವನ ಹಳೇ ಮಫ್ಲರ್ ಸುತ್ತಿಕೊಂಡು ಕುಂಡ ಬೆಚ್ಚಗೆ ಕೂತಿತ್ತು. ಎಲೆಗಳೆಲ್ಲ ಹಸಿರೋ ಹಸಿರು. ಕುಂಡದ ಕೊರಳಿಗೆ ಒಂದು ರಟ್ಟು ಕಟ್ಟಿತ್ತು, ಆಸ್ಪತ್ರೆಯಲ್ಲಿ ರೋಗಿಯ ಮಂಚಕ್ಕೆ ನೇತುಹಾಕುವಂಥದ್ದು. ಸೊಸೆ ನರ್ಸ್, ಬರೆದಿಡದೆ ಆಕೆಗೆ ಸಮಾಧಾನವಿಲ್ಲ.

ಅತ್ತೆ ಕನ್ನಡಕ ಏರಿಸಿ ಓದಿದರು. 'ಮೊದಲ ದಿನ: ಎಲೆಯಂಚು ಕೆಂಪು. ನಾಲ್ಕನೇ ದಿನ: ಕೆಂಪು ಹರಡುತ್ತಿದೆ. ಒಳಗೆ ತರಲಾಯಿತು. ಮೂವತ್ತೈದನೇ ದಿನ: ಪೂರ್ತಿ ವಾಸಿ.'

"ನೀವು ನನ್ನ ಕೈಗೆ ಅಂತ ಒಪ್ಪಿಸಿದ್ದು ಇದೊಂದನ್ನೇ ಅತ್ತೆ. ಕೆಂಪಾದಾಗ ಜೀವ ಬಾಯಿಗೆ ಬಂದಿತ್ತು."

ಅತ್ತೆ ಚೀಲದಿಂದ ಅಂಗೈಯಗಲದ ಬಿಳಿ ಸ್ವೆಟರ್ ತೆಗೆದರು. ಅದರ ಅಂಚು ಇನ್ನೂ ಹೆಣಿಗೆ ಸೂಜಿಯಲ್ಲೇ ಇತ್ತು.

"ಮೊಮ್ಮಗಳಿಗೆ. ಅಂಚಿಗೆ ಈ ಎಲೆಯ ಕೆಂಪು ಬಣ್ಣದ ಉಲ್ಲನ್ ಹಾಕ್ಬೇಕು ಅಂತ ಹಾಗೇ ಇಟ್ಕೊಂಡು ಬಂದೆ. ಚಳಿ ಬಿದ್ರೆ ಇದು ಕೆಂಪಾಗುತ್ತೆ ಕಣೇ. ಕಾಯಿಲೆ ಅಲ್ಲ, ಅದರ ಸಿಂಗಾರ. ವರ್ಷವೆಲ್ಲ ನಾನು ಕಾಯೋದೇ ಅದಕ್ಕೆ."

ಸೊಸೆಯ ಮುಖ ಇಳಿಯಿತು. "ಚಳಿ ಇನ್ನೆಷ್ಟು ದಿನ ಇರಬಹುದು?"

"ಮೂರು ವಾರ ಇದ್ರೆ ಹೆಚ್ಚು. ಮೊದಲು ಆ ಮಫ್ಲರ್ ಬಿಚ್ಚು. ನಿಮ್ಮ ಮಾವನಿಗೇ ಇಷ್ಟು ಉಪಚಾರ ಆಗಿಲ್ಲ."

ಸೊಸೆ ಕುಂಡ ಎತ್ತಿಕೊಂಡು ಬಾಲ್ಕನಿಗೆ ಓಡಿದಳು.

"ಏಯ್, ನಿಲ್ಲೇ! ಐಸಿಯುನಿಂದ ನೇರ ರಸ್ತೆಗೆ ಬಿಡ್ತೀರಾ ನಿಮ್ಮ ಆಸ್ಪತ್ರೇಲಿ? ಎರಡು ದಿನ ಕಿಟಕಿ ಹತ್ರ ಇರಲಿ."

ಆಮೇಲೆ ದಿನಾ ಬೆಳಿಗ್ಗೆ ಇಬ್ಬರೂ ಒಂದೇ ಶಾಲು ಹೊದ್ದು ಬಾಲ್ಕನಿಯಲ್ಲಿ ನಿಂತು ಎಲೆ ತಿರುವಿ ನೋಡುವುದೇ ಆಯಿತು. ಹತ್ತು ದಿನ ಕಳೆದರೂ ಹಸಿರು. ಹದಿನಾಲ್ಕಾದರೂ ಹಸಿರು.

"ನಿನ್ನ ಮೂಗು ಕೆಂಪಾಯ್ತು, ಇದಾಗ್ಲಿಲ್ಲ" ಎಂದು ಅತ್ತೆ ನಕ್ಕರೂ, ಬಿಸಿಲು ಏರುತ್ತಿದ್ದುದನ್ನು ಇಬ್ಬರೂ ಗಮನಿಸಿದ್ದರು.

ಹದಿನೇಳನೇ ದಿನ ಸೊಸೆ ತಡವಾಗಿ ಏಳುವಷ್ಟರಲ್ಲಿ ಅತ್ತೆ ಮನೆಯಲ್ಲಿರಲಿಲ್ಲ. ಡ್ಯೂಟಿಗೆ ಹೊರಟ ಸೊಸೆ ಊಟದ ಡಬ್ಬಿ ಕೈಯಲ್ಲಿ ಹಿಡಿದೇ ಬಾಲ್ಕನಿಗೆ ಬಂದಳು. ಎಲೆಗಳ ಅಂಚಿನಲ್ಲಿ ಹಸುಗೂಸಿನ ಅಂಗಾಲಿನಂಥ ಕೆಂಪು. ತುದಿಯ ಒಂದೆಲೆಯನ್ನು ಯಾರೋ ಚಿವುಟಿಕೊಂಡು ಹೋಗಿದ್ದರು, ಉಲ್ಲನ್ ಅಂಗಡಿಗೇ ಇರಬೇಕು. ರಟ್ಟಿನ ಮೇಲೆ ಅತ್ತೆಯ ಸೊಟ್ಟ ಅಕ್ಷರದಲ್ಲಿ ಹೊಸ ಸಾಲೊಂದಿತ್ತು:

'ರೋಗಿ ಮತ್ತೆ ಕೆಂಪಾಗಿದೆ. ದಯವಿಟ್ಟು ಯಾರೂ ವಾಸಿ ಮಾಡಬೇಡಿ.'