ಉಪ್ಪಿನ ಭರಣಿ

"ನಿದ್ದೆಯಲ್ಲಿ ಮಾತಾಡ್ತೀನಿ ಡಾಕ್ಟ್ರೇ. ಅದು ನಿಲ್ಲಬೇಕು," ಎಂದಳು ಅವಳು.

ವೈದ್ಯೆ ಅವಳ ಗಂಡನತ್ತ ನೋಡಿದರು. ಸಾಮಾನ್ಯವಾಗಿ ಈ ದೂರು ತರುವವರು ಪಕ್ಕದಲ್ಲಿ ಮಲಗುವವರು.

"ನನಗೇನೂ ತೊಂದರೆಯಿಲ್ಲ ಮೇಡಂ," ಎಂದ ಅವನು. "ಮಾತ್ರೆಗೀತ್ರೆ ಬೇಡ. ಇದೇನು ಕಾಯಿಲೆಯಾ?"

"ನಿಮ್ಮ ನಿದ್ದೆ ಕೆಡೋದಿಲ್ವಾ?"

"ಅಭ್ಯಾಸವಾಗಿದೆ. ಅವಳ ಪಾಡಿಗೆ ಅವಳು ಮಾತಾಡ್ತಾಳೆ, ನನ್ನ ಪಾಡಿಗೆ ನಾನು ಬರೀತಿರ್ತೀನಿ."

"ಇವರು ಕಾದಂಬರಿಕಾರರು. ವಾರಪತ್ರಿಕೆಯಲ್ಲಿ ಇವರ 'ಉಪ್ಪಿನ ಭರಣಿ' ಧಾರಾವಾಹಿ ಬರ್ತಿದೆ," ಎಂದಳು ಹೆಂಡತಿ.

ವೈದ್ಯೆಯ ಮುಖ ಅರಳಿತು. "ಅಯ್ಯೋ, ಅದು ನೀವಾ? ಗಂಡ ಬದುಕಿರುವಾಗಲೇ ಆ ಹೆಂಗಸು ತಾಳಿ ಬಿಚ್ಚಿ ಉಪ್ಪಿನ ಭರಣಿಯಲ್ಲಿ ಹೂತಿಡ್ತಾಳಲ್ಲ, ಎಂಥ ಕಲ್ಪನೆ ಸರ್!"

ಅವನು ವಿನಯದಿಂದ ನಕ್ಕ.

"ಅದು ನಮ್ಮಜ್ಜಿ," ಎಂದಳು ಅವಳು. "ಎಚ್ಚರವಿದ್ದಾಗ ನಾನದನ್ನ ಯಾರಿಗೂ ಹೇಳಿಲ್ಲ. ಪತ್ರಿಕೆಯಲ್ಲಿ ಓದಿದಾಗಲೇ ಗೊತ್ತಾಗಿದ್ದು, ಇವರು ಪೆನ್ನು ಹಿಡ್ಕೊಂಡು ಪಕ್ಕದಲ್ಲಿ ಕೂತಿರ್ತಾರೆ ಅಂತ."

ಗಂಡನ ನಗು ಮಾಯವಾಯಿತು. "ಏನೋ ಬಡಬಡಿಸ್ತೀಯ, ಅದಕ್ಕೊಂದು ರೂಪ ಕೊಟ್ಟೋನು ನಾನು. ನಿಂಗೆ ಬರೆಯೋಕೆ ಬರುತ್ತಾ?"

ವೈದ್ಯೆ ಔಷಧಿ ಚೀಟಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಇನ್ನು ನಾಲ್ಕೇ ಕಂತು ಕಣೇ," ಅವನ ದನಿ ಇಳಿಯಿತು. "ಅಲ್ಲೀತನಕ ತಡಿ. ಈಗಲೇ ನೀನು ಬಾಯಿ ಮುಚ್ಚಿದ್ರೆ ನಾನು ಕೊನೆ ಏನಂತ ಬರೀಲಿ?"

"ನೀವ್ಯಾಕ್ರೀ ಬರೀಬೇಕು? ಆ ನಾಲ್ಕೂ ಕಂತು ಎಚ್ಚರವಿದ್ದೇ ಬರೆದು, ಕೆಳಗೆ ನನ್ನ ಹೆಸರು ಹಾಕಿ, ನಿನ್ನೆ ಸಂಪಾದಕರ ಕೈಗೆ ಕೊಟ್ಟು ಬಂದಿದ್ದೀನಿ."