ಮೊದಲ ಕಂತಿನ ದಂಡೆ

ಕಾರ್ತಿಕದ ಕೊನೆ, ಹಿಂಗಾರಿ ಜೋಳ ಮೊಣಕಾಲಿಗೆ ಬಂದಿತ್ತು. ಶನಿವಾರ ಬಿಸಿಲೇರುವ ಹೊತ್ತಿಗೆ ಬೋನಾಳದ ಗೊಲ್ಲಾಳಮ್ಮನ ಮನೆಯ ಕಟ್ಟೆಯ ಮೇಲೆ ಅವಳ ಮೊಮ್ಮಗಳು ಮೌನೇಶ್ವರಿಯ ಫೋನು ರಿಂಗಾಯಿತು. ಟಿವಿಯವರು. ಎರಡೇ ಮಾತಿನಲ್ಲಿ ಮುಗಿಸಿದರು. ನೀವು ಬರೆದ ಧಾರಾವಾಹಿಯ ಮೊದಲ ಕಂತು ಸಪ್ಪೆಯಾಗಿದೆ. ಸೋಮವಾರ ಸಂಜೆಯೊಳಗೆ ಬೇರೆ ಬರೆದು ತರದಿದ್ದರೆ ಕಥೆಯನ್ನು ಇನ್ನೊಬ್ಬರ ಕೈಗೆ ಕೊಡುತ್ತೇವೆ.

ಕಥೆ ಗೊಲ್ಲಾಳಮ್ಮನದೇ. ಸೇತುವೆ ಆಗುವ ಮುಂಚೆ ಕೃಷ್ಣೆಯಲ್ಲಿ ಹರಗೋಲು ಹಾಕಿ, ಕಥೆ ಹೇಳುತ್ತ ಜನರನ್ನು ದಾಟಿಸುತ್ತಿದ್ದವಳು ಅವಳು. ಇನ್ನೊಬ್ಬರು ಬರೆದರೆ ಹೊಳೆ, ಹರಗೋಲು ಎರಡೂ ಹೋಗಿ ಅರಮನೆಯಂಥ ಮನೆ, ಅದರ ಮೆಟ್ಟಿಲು, ಮೆಟ್ಟಿಲ ಮೇಲೊಬ್ಬ ಅತ್ತೆ ಬರುತ್ತಾಳೆಂದು ಮೌನೇಶ್ವರಿಗೆ ಗೊತ್ತಿತ್ತು.

"ಯಾರಿಗೂ ಕೊಡಂಗಿಲ್ಲ," ಎಂದಳು, ಹಲ್ಲು ಕಚ್ಚಿ.

"ಹಂಗಾರ ಓದು. ಏನ್ ಸಪ್ಪಗ ಆಗ್ಯಾದ ಕೇಳಮು."

ಅಷ್ಟರಲ್ಲಿ ಬಳೆ ಮಾರುವ ಸುಲ್ತಾನಸಾಬ ಬಂದು ಬಳೆಯ ಮಲಾರ ಇಳಿಸಿದ. ಹಿಂದೆ ವಾರಕ್ಕೆರಡು ಸಲ ಅದೇ ಹರಗೋಲಿನಲ್ಲಿ ಹೊಳೆ ದಾಟುತ್ತಿದ್ದವನು. ಮೌನೇಶ್ವರಿ ಓದಿದಳು, ಅವನೂ ಕೂತು ಕೇಳಿದ. ಶ್ರಾವಣದ ಹೊಳೆ ತುಂಬಿದೆ. ದಿನ ತುಂಬಿದ ಬಸುರಿಯೊಬ್ಬಳು ಒಂಟಿಯಾಗಿ ಬಂದು ದಾಟಿಸು ಎನ್ನುತ್ತಾಳೆ. ನಡುಹೊಳೆಯಲ್ಲಿ ಸುಳಿ, ಹರಗೋಲಿನ ಹುಟ್ಟು ಮುರಿಯುತ್ತದೆ. ಉಳಿದ ತುಂಡಿನಲ್ಲೇ ನೀರು ತಳ್ಳಿ ಗೊಲ್ಲಾಳಮ್ಮ ದಂಡೆ ಮುಟ್ಟಿಸುತ್ತಾಳೆ. ಹೆರಿಗೆ ಸುಸೂತ್ರ. ಊರವರು ಅವಳಿಗೆ ಶಾಲು ಹೊದಿಸುತ್ತಾರೆ.

"ಭಾಳ ಛಲೋ ಆಗ್ಯಾದವ್ವಾ," ಎಂದು ಸುಲ್ತಾನಸಾಬ ಕಣ್ಣೊರೆಸಿಕೊಂಡ. ಮಲಾರ ಹೆಗಲಿಗೇರಿಸಿ ಹೊರಟೇಬಿಟ್ಟ.

ಗೊಲ್ಲಾಳಮ್ಮ ಅವನ ಬೆನ್ನನ್ನೇ ನೋಡುತ್ತ, "ನೋಡ್ದಿ? ಎದ್ದು ಹೋದ," ಎಂದಳು.

"ಅತ್ತಾನಲ್ಲ ಆಯಿ!"

"ಅತ್ತಾನ, ಹೋಗ್ಯಾನ. ಮುಗೀತು ಅವಂದು. ನಾ ಯಾವತ್ತೂ ದಂಡಿ ಮುಟ್ಟೂದ್ರಾಗ ಕಥಿ ಮುಗಿಸಿದಾಕಿ ಅಲ್ಲ. ಮುಗಿಸಿದ್ರ ಸಂಜಿಗೆ ಮಂದಿ ಆ ಭಾಗಣ್ಣನ ಹರಗೋಲು ಹತ್ತತಿದ್ರು. ಬಾಕಿ ಕಥಿ ಕೇಳಾಕಂತನ ನನ್ನ ಹಾದಿ ಕಾಯ್ತಿದ್ರು."

"ಹಂಗಾರ ಸುಳ್ಯಾಗ ನಿಲ್ಲಸ್ಲೇನು? ಹುಟ್ಟು ಮುರದಾಗ?"

"ಸುಳ್ಯಾಗ ಏನದ? ಮುಳುಗಂಗಿಲ್ಲ ಅಂತ ಸಣ್ಣ ಕೂಸಿಗೂ ಗೊತ್ತಾಗ್ತದ. ಕಥಿ ನೀರಿನ ಹತ್ತರ ನಿಲ್ಲಸಬ್ಯಾಡ, ಮನಷ್ಯಾರ ಹತ್ತರ ನಿಲ್ಲಸು." ಮುದುಕಿ ಎಲೆಗೆ ಸುಣ್ಣ ಸವರಿದಳು. "ದಂಡಿಗೆ ಬಂದ ಮ್ಯಾಲ ಆ ಬಸರಿ ಇಳೀಲೇ ಇಲ್ಲ, ಗೊತ್ತದೇನು?"

ಮೌನೇಶ್ವರಿ ಪೆನ್ನು ಕೆಳಗಿಟ್ಟಳು. ಐದು ತಿಂಗಳು ಕೇಳಿ ಕೇಳಿ ಬರೆದಿದ್ದಳು. ಈ ಮಾತು ಒಮ್ಮೆಯೂ ಬಂದಿರಲಿಲ್ಲ.

"ಇದನ್ನ್ಯಾಕ ಹೇಳಲಿಲ್ಲ?"

"ನೀ ಕೇಳಿದ್ದು ದಾಟಿದ್ರೇನು ಅಂತ. ದಾಟಿದ್ವಿ ಅಂದೆ."

ಭಾನುವಾರ ಇಡೀ ದಿನ ಮೌನೇಶ್ವರಿ ಕಟ್ಟೆ ಬಿಟ್ಟು ಏಳಲಿಲ್ಲ. ತಾಟಿನಲ್ಲಿ ರೊಟ್ಟಿ ಒಣಗಿ ಸೆಟೆದುಕೊಂಡಿತು. ಕಾಗದದಿಂದ ಮೊದಲು ಶಾಲು ಹೋಯಿತು, ಆಮೇಲೆ ಹೆರಿಗೆ ಹೋಯಿತು. ಸಂಜೆ ಕೇರಿ ಸುತ್ತಿ ಬಂದ ಸುಲ್ತಾನಸಾಬನನ್ನು ಗೊಲ್ಲಾಳಮ್ಮ ಕೂಗಿ ಕೂರಿಸಿದಳು.

"ನಿನ್ನೆ ಕೇಳೀನಲ್ಲಕ್ಕ?"

"ಚಹಾ ಕುಡ್ಕೋತ ಸುಮ್ಮ ಕೇಳು."

ಮೌನೇಶ್ವರಿ ಓದಿದಳು. ಸುಳಿ ಕಳೆಯಿತು, ದಂಡೆ ಬಂತು. ದಂಡೆಯ ಮೇಲೆ ಛತ್ರಿ ಹಿಡಿದು ಒಬ್ಬ ಗಂಡಸು ನಿಂತಿದ್ದ. ಅವನನ್ನು ಕಂಡದ್ದೇ ಬಸುರಿ ಹರಗೋಲಿನ ಅಂಚನ್ನು ಎರಡೂ ಕೈಯಲ್ಲಿ ಅವಚಿ ಹಿಡಿದಳು. "ನಾ ಇಳಿಯಂಗಿಲ್ಲಕ್ಕ. ವಾಪಸ್ ನಡಿ." ಹಿಂದೆ ತುಂಬಿದ ಹೊಳೆ. ಕೈಯಲ್ಲಿ ಮುರಿದ ಹುಟ್ಟು. ಮೌನೇಶ್ವರಿ ಕಾಗದ ಮಡಚಿದಳು.

"ಮುಂದ?" ಎಂದ ಸುಲ್ತಾನಸಾಬ.

"ಇಷ್ಟೇ."

"ಇಷ್ಟೇ ಅಂದ್ರ? ಆ ಛತ್ರಿ ಹಿಡದಾಂವ ಯಾರು? ಅಕ್ಕಾ, ನೀನರ ಹೇಳು, ವಾಪಸ್ ಒಯ್ದ್ಯೋ ಇಲ್ಲೋ?"

ಊರ ಅಗಸಿ ಬಾಗಿಲಲ್ಲಿ, ಅವನು ಹತ್ತಬೇಕಿದ್ದ ಸುರಪುರದ ಕೊನೆಯ ಬಸ್ಸು ಹಾರನ್ ಹೊಡೆಯಿತು. ಅವನು ಏಳಲಿಲ್ಲ. ಇನ್ನೊಮ್ಮೆ ಹೊಡೆದು ಹೊರಟುಹೋಯಿತು. ಚಹಾದ ಮೇಲೆ ಕೆನೆಗಟ್ಟಿತ್ತು.

ಗೊಲ್ಲಾಳಮ್ಮ ಮೊಮ್ಮಗಳ ಕಡೆ ತಿರುಗಿ, "ಈಗ ತಗೊಂಡು ಹೋಗು," ಎಂದಳು.

ಸೋಮವಾರ ಮೌನೇಶ್ವರಿ ಕಾಗದ ಹಿಡಿದು ಬೆಳಗಿನ ಯಾದಗಿರಿ ಬಸ್ಸು ಹತ್ತಿದಳು. ತನ್ನೂರು ಸುರಪುರಕ್ಕೆ ಮರಳಬೇಕಿದ್ದ ಸುಲ್ತಾನಸಾಬನೂ ಮಲಾರ ತೊಡೆಯ ಮೇಲಿಟ್ಟುಕೊಂಡು ಅವಳ ಹಿಂದಿನ ಸೀಟಿನಲ್ಲೇ ಕೂತಿದ್ದ. ಸುರಪುರ ಬಂತು. ಅವನು ಇಳಿಯಲಿಲ್ಲ.